ಬೇರೆ ಇಟ್ಟ ಬುಟ್ಟಿ

ಇದನ್ನು ಹೇಳುವುದನ್ನು ನಾನು ಐದು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿದ್ದೇನೆ. ಮೊದಲು ಲಾಕ್‌ಡೌನಿನ ಕಾಲ ಮುಗಿಯಲಿ ಅಂದುಕೊಂಡೆ. ಆಮೇಲೆ ಮೊಮ್ಮಗಳ ಬಾಣಂತನ ಆಗಲಿ ಅಂದುಕೊಂಡೆ. ಆಮೇಲೆ ನನ್ನ ಕಣ್ಣಿನ ಆಪರೇಷನ್ ಆಗಲಿ ಅಂದುಕೊಂಡೆ. ಈಗ ಕಣ್ಣು ಚೆನ್ನಾಗಿ ಕಾಣುತ್ತಿದೆ, ನೆಪ ಯಾವುದೂ ಉಳಿದಿಲ್ಲ. ನನ್ನ ಒಂದು ಮಾತಿನಿಂದ ನಮ್ಮ ಓಣಿಯ ಇಬ್ಬರು ಹೆಂಗಸರ ಇಪ್ಪತ್ತು ವರ್ಷದ ಗೆಳೆತನ ಮುರಿಯಿತು. ಒಬ್ಬಳು ನನ್ನ ಹಿರಿಯ ಸೊಸೆ, ಇನ್ನೊಬ್ಬಳು ಎದುರು ಮನೆಯವಳು. ಆ ಮಾತು ಸುಳ್ಳಾಗಿತ್ತು.

ನಾನು ತಿಕೋಟಾದವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಲೈಸೆನ್ಸ್ ಮಾಡಿಸಿ, ಸರ್ಕಾರಿ ಬಸ್ಸಿನ ಡ್ರೈವರ್ ಆದೆ. ಮೂವತ್ತೊಂದು ವರ್ಷ ಓಡಿಸಿದೆ. ಅದರಲ್ಲಿ ಹದಿನಾರು ವರ್ಷ ವಿಜಯಪುರದಿಂದ ತಿಕೋಟಾ ಮೇಲೆ ಕನಮಡಿಗೆ. ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ, ಯಾವ ಸ್ಟಾಪಿನಲ್ಲಿ ಮುದುಕಿ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ಆಮೇಲೆ ಗಂಟು ತರಲು ಮನೆಗೆ ಓಡುತ್ತಾಳೆ, ಎಲ್ಲ ಗೊತ್ತಿತ್ತು. ನಿವೃತ್ತನಾದ ಮೇಲೆ ಮನೆಯನ್ನೂ ಹಾಗೇ ನಡೆಸಿದೆ. ಹೆಂಡತಿ ತೀರಿಹೋಗಿದ್ದಳು. ಒಳಗಿನ ಕೆಲಸವೆಲ್ಲ ಸೊಸೆಯದು, ತೀರ್ಮಾನವೆಲ್ಲ ನನ್ನದು. ನನ್ನ ತೀರ್ಮಾನ ಸರಿ ಎಂಬ ಬಗ್ಗೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ.

ಆ ವರ್ಷ ಯುಗಾದಿಯ ಮರುವಾರ ಹಿರಿಯ ಮೊಮ್ಮಗಳ ಮದುವೆ ಗೊತ್ತಾಗಿತ್ತು. ವರನ ಕಡೆಯವರು ಬಬಲೇಶ್ವರದವರು. ಅಲ್ಲಿಯ ಕಲ್ಯಾಣ ಮಂಟಪ ಹಿಡಿದಿದ್ದೆವು. ವಿಜಯಪುರಕ್ಕೆ ಎರಡು ಸಲ ಹೋಗಿ ಸೀರೆ ತಂದಾಗಿತ್ತು. ಎರಡನೆಯ ಸಲ ಹೋದಾಗ ಅಂಗಡಿಯವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸೀರೆ ಬಿಚ್ಚಿ ತೋರಿಸಿದ. ಇಂಥ ಸೀರೆ ನೋಡಲು ನಾಚಿಕೆಯೇ ಎಂದು ನನ್ನ ಸೊಸೆ ಅವನನ್ನು ಕೆಣಕಿದ್ದಳು. ಅಷ್ಟು ಹಗುರವಾಗಿತ್ತು ಆಗ ಎಲ್ಲ.

ನಮ್ಮ ಓಣಿಯಲ್ಲಿ ಮದುವೆಯ ರೊಟ್ಟಿಯನ್ನು ಅಡುಗೆಯವರಿಗೆ ವಹಿಸುವ ಪದ್ಧತಿ ಇಲ್ಲ. ಎರಡು ಮೂರು ವಾರ ಇರುವಾಗಲೇ ಜೋಳ ಬೀಸಿಸಿ ಹಿಟ್ಟನ್ನು ಮನೆಮನೆಗೆ ಹಂಚುತ್ತೇವೆ. ಒಂದೊಂದು ಮನೆಯವರೂ ತಮ್ಮ ಒಲೆಯ ಮೇಲೆ ತೆಳ್ಳಗೆ ಬಡಿದು, ಕಟಕಟ ಅನ್ನುವ ಹಾಗೆ ಒಣಗಿಸಿ, ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ ತಂದುಕೊಡುತ್ತಾರೆ. ಬಂದ ರೊಟ್ಟಿಯನ್ನೆಲ್ಲ ಮನೆಯ ಹಿರಿಯ ಎದುರು ನಿಂತು ಒಂದೇ ದೊಡ್ಡ ಹೆಡಿಗೆಗೆ ಹಾಕಿಸಬೇಕು. ಇದಕ್ಕೆ ಕೂಡಿಸುವುದು ಎನ್ನುತ್ತೇವೆ. ಯಾರ ಮನೆಯದು ದಪ್ಪ, ಯಾರ ಮನೆಯದು ಕರಕಲು ಎಂದು ಬೀಗರಿಗೆ ತಿಳಿಯಬಾರದು. ಒಮ್ಮೆ ಕೂಡಿಸಿದ ಮೇಲೆ ಅದು ಇಡೀ ಓಣಿಯ ರೊಟ್ಟಿ. ಒಂದು ಮನೆಯ ರೊಟ್ಟಿಯನ್ನು ಕೂಡಿಸದೆ ಬಿಡುವುದೆಂದರೆ ಆ ಮನೆಯನ್ನೇ ಓಣಿಯಿಂದ ಹೊರಗೆ ಹಾಕಿದ ಹಾಗೆ. ನನ್ನ ಕಾಲದಲ್ಲಿ ಹಾಗೆ ಯಾರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಹನ್ನೊಂದು ಮನೆಗಳಿಗೆ ಹಿಟ್ಟು ಹೋಯಿತು. ಎದುರು ಮನೆಯವಳಿಗೆ ಸೊಸೆ ಎರಡು ಪಾಲು ಕೊಟ್ಟಳು, ಅವಳ ಕೈ ಅಂಥದ್ದು. ಅವಳು ಎಳ್ಳು ಹಚ್ಚಿ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು. ಇವರಿಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಒಬ್ಬರ ಮಕ್ಕಳು ಇನ್ನೊಬ್ಬರ ಮನೆಯಲ್ಲಿ ಉಂಡು ಮಲಗಿ ಬೆಳೆದವು. ಮದುಮಗಳ ಉಡಿ ತುಂಬುವವರಲ್ಲಿ ಮೊದಲು ಎದುರು ಮನೆಯವಳೇ ಎಂದು ತಾಯಿ ಮಗಳು ಸೇರಿ ಆಗಲೇ ನಿಶ್ಚಯಿಸಿದ್ದರು.

ಅಷ್ಟರಲ್ಲಿ ಒಂದೊಂದೇ ಬಂದ್ ಆಗತೊಡಗಿತು. ಮೊದಲು ಶಾಲೆ. ನಂತರ ಬಬಲೇಶ್ವರದ ಸಂತೆ. ಫೋನು ಹಚ್ಚಿದರೆ ಗಂಟೆಯ ಬದಲು ಯಾರೋ ಕೆಮ್ಮುತ್ತಿದ್ದರು, ಆಮೇಲೆ ಕೈ ತೊಳೆಯಿರಿ ಎಂಬ ಉಪದೇಶ. ಕಲಬುರಗಿ ಕಡೆಯಿಂದ ಸಾವಿನ ಸುದ್ದಿ ಬಂತು. ಮದುವೆಗೆ ಜನ ಸೇರಿಸಬಾರದು ಎಂದು ಪಂಚಾಯಿತಿಯವರು ಹೇಳಿಹೋದರು. ಎಲ್ಲ ಒಂದು ವಾರದ ಮಟ್ಟಿಗೆ ಅಷ್ಟೇ ಎಂದು ಸರ್ಕಾರ ಹೇಳಿದಾಗ ನನಗೆ ಮುಂದಿನದು ಕಂಡಿತು. ವಾರದ ಬಂದ್ ವಾರಕ್ಕೇ ಮುಗಿಯುವುದಿಲ್ಲ ಅಂದೆ. ಬೀಗರಿಗೆ ಫೋನು ಮಾಡಿ, ಶುಕ್ರವಾರ ನಮ್ಮ ಮನೆಯ ಮುಂದೆಯೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ, ಒಂದು ಜೀಪಿನಲ್ಲಿ ಹಿಡಿಸುವಷ್ಟು ಜನ ಬನ್ನಿ ಎಂದೆ. ಅವರು ಒಪ್ಪಿದರು. ಆ ತೀರ್ಮಾನ ಸರಿಯಾಗಿಯೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ. ಆ ಶುಕ್ರವಾರ ಕಳೆದು ನಾಲ್ಕೇ ದಿನಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಬುಧವಾರ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದೆ. ಎದುರು ಮನೆಯವಳ ಗಂಡನ ಲಾರಿ ಕನಮಡಿ ರಸ್ತೆಯಿಂದ ಊರೊಳಗೆ ಬಂತು. ಅವನು ಒಣದ್ರಾಕ್ಷಿ ಸಾಗಿಸುವವನು, ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹೋಗಿಬರುತ್ತಿದ್ದ. ಮಹಾರಾಷ್ಟ್ರದಲ್ಲಿ ರೋಗ ಜೋರಾಗಿದೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಇವನು ರೋಗ ತಂದ ಎಂದು ಆ ಕ್ಷಣದಲ್ಲೇ ನಿರ್ಧರಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಅವನನ್ನೇ ಕೇಳಬಹುದಿತ್ತು, ಕೇಳಲಿಲ್ಲ.

ಗುರುವಾರ ರೊಟ್ಟಿ ಬಂದವು. ಹತ್ತು ಮನೆಯವನ್ನು ಹೆಡಿಗೆಗೆ ಹಾಕಿಸಿದೆ. ಎದುರು ಮನೆಯ ಬುಟ್ಟಿಯನ್ನು ಮಾತ್ರ ಎತ್ತಿ ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಬಿಸಿಲಿಗೆ ರೋಗ ಸಾಯುತ್ತದೆ ಎಂದು ಯಾರೋ ಹೇಳಿದ್ದರು. ಸೊಸೆ ಅಡುಗೆಮನೆಯಿಂದ ಬಂದು ನೋಡಿದಳು. ನನ್ನ ಮುಂದೆ ಎದುರು ಮಾತಾಡುವವಳಲ್ಲ, ಅವತ್ತು ಆಡಿದಳು.

"ಮಾವಾರ, ಕೂಡಿಸಿಬಿಡ್ರಿ. ಬೆಂಕಿ ಮ್ಯಾಲೆ ಬೆಂದ ರೊಟ್ಟಿ ಅದಾವು, ಅದರಾಗ ಏನಿರತೈತಿ?"

ಲಾರಿ ಎಲ್ಲಿಂದ ಬಂತೆಂದು ನಾನು ಕಣ್ಣಾರೆ ಕಂಡಿದ್ದೇನೆ, ನಿನಗೆ ತಿಳಿಯುವುದಿಲ್ಲ, ಒಳಗೆ ಹೋಗು ಎಂದೆ. ಅವಳು ಹೋಗಲಿಲ್ಲ. ಬಾಗಿಲ ಹತ್ತಿರ ಹಾಲಿನ ಪಾತ್ರೆ ಹಿಡಿದು ನಿಂತಳು. ಅರಿಶಿಣ ಕುಟ್ಟಲು ಓಣಿಯ ಹೆಂಗಸರು ಸೇರಿದ್ದರು, ಆಗಲೇ ಎದುರು ಮನೆಯವಳೂ ಬಂದಳು. ಕಟ್ಟೆಯ ಮೇಲೆ ಒಂಟಿಯಾಗಿದ್ದ ತನ್ನ ಬುಟ್ಟಿಯನ್ನು ನೋಡಿದಳು. ಮೇಲಿನ ಬಟ್ಟೆ ಸರಿದು ಒಂದು ಕಾಗೆ ರೊಟ್ಟಿಯ ಚೂರು ಎಳೆಯುತ್ತಿತ್ತು.

"ಕಾಕಾರ, ನಮ್ಮ ಬುಟ್ಟಿ ಯಾಕ ಹೊರಗ ಕುಂತೈತ್ರಿ?"

"ಇರಲಿ ಬಿಡವಾ, ಒಂದೀಟು ಬಿಸಿಲು ಬೀಳಲಿ ಅಂತ."

"ಉಳಿದಾವರ ರೊಟ್ಟಿಗಿ ಬಿಸಿಲು ಬ್ಯಾಡೇನ್ರಿ?"

ನಮ್ಮ ಡಿಪೋದಲ್ಲಿ ಒಂದು ರೂಢಿ ಇತ್ತು. ಬಸ್ಸು ತಡವಾದರೆ ನಾನು ತಡ ಮಾಡಿದೆ ಎಂದು ಯಾವ ಡ್ರೈವರನೂ ಬರೆಯುತ್ತಿರಲಿಲ್ಲ. ರಸ್ತೆ ಕೆಟ್ಟಿತ್ತು, ಟೈರು ಕೂತಿತ್ತು, ಕುರಿ ಅಡ್ಡ ಬಂದವು. ಮೂವತ್ತೊಂದು ವರ್ಷ ಹಾಗೆ ಬರೆದ ಕೈ ನನ್ನದು. ಅವಳು ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಬಾಯಿಗೂ ಅದೇ ಬಂತು.

"ನಾ ಏನ್ ಮಾಡ್ಲವಾ. ಬ್ಯಾರೆ ಇಡ್ರಿ ಅಂತ ನಿನ್ನ ಗೆಳತಿನೇ ಅಂದ್ಲು. ಮಗಳ ಮದವಿ ನೋಡು, ಆಕಿಗಿ ಅಂಜಿಕಿ."

ಎದುರು ಮನೆಯವಳು ಬಾಗಿಲ ಕಡೆ ತಿರುಗಿದಳು. "ಹೌದೇನ ಯಕ್ಕಾ?" ಎಂದು ಕೇಳಿದಳು. ಸೊಸೆ ನನ್ನನ್ನು ನೋಡಿದಳು. ನಾನು ಕಾಗೆ ಓಡಿಸುವವನ ಹಾಗೆ ಆ ಕಡೆ ತಿರುಗಿದೆ. ಮಾವನ ಮಾತು ಸುಳ್ಳು ಎಂದು ಬೀಗರು ಬರುವ ಹಿಂದಿನ ದಿನ ಹತ್ತು ಜನರ ಎದುರು ಹೇಳುವ ಹೆಣ್ಣಲ್ಲ ಅವಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಸೊಸೆ ತಲೆ ತಗ್ಗಿಸಿದಳು. ಎದುರು ಮನೆಯವಳು ಒನಕೆ ಮುಟ್ಟದೆ ಹಾಗೇ ಮರಳಿ ಹೋದಳು.

ಶುಕ್ರವಾರ ಬಬಲೇಶ್ವರದಿಂದ ಜೀಪಿನಲ್ಲಿ ಒಂಬತ್ತು ಜನ ಬಂದರು. ವರ ಬಾಸಿಂಗದ ಕೆಳಗೆ ಮಾಸ್ಕು ಹಾಕಿದ್ದ. ಮಂತ್ರ ಹೇಳುವವರು ಬಾಯಿಗೆ ಟವೆಲ್ ಸುತ್ತಿದ್ದರು, ಯಾವ ಮಂತ್ರ ಮುಗಿದು ಯಾವುದು ಶುರುವಾಯಿತೆಂದು ತಿಳಿಯಲಿಲ್ಲ. ಅಕ್ಕಿಕಾಳನ್ನು ದೂರದಿಂದ ಎಸೆದದ್ದಕ್ಕೆ ಅರ್ಧ ನನ್ನ ತಲೆಯ ಮೇಲೆ ಬಿದ್ದವು. ಎಲ್ಲ ಸುಸೂತ್ರವಾಗಿ ನಡೆಯಿತು. ಎದುರು ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಉಡಿಗೆಂದು ಕೊಂಡಿಟ್ಟಿದ್ದ ಕುಪ್ಪಸದ ಜಂಪರ್ ಬಟ್ಟೆಯನ್ನು ಅವಳು ಬೇರೊಬ್ಬರ ಕೈಯಲ್ಲಿ ಕಳಿಸಿಕೊಟ್ಟಳು. ಅದನ್ನು ಮಡಿಲಿಗೆ ಹಾಕುವಾಗ ಮೊಮ್ಮಗಳು, ಎದುರು ಮನೆಯ ಮೌಶಿ ಯಾಕೆ ಬಂದಿಲ್ಲ ಎಂದು ತಾಯಿಯನ್ನು ಎರಡು ಸಲ ಕೇಳಿದಳು.

ಆಮೇಲೆ ಲಾಕ್‌ಡೌನ್. ಸಾವಿರ ಜನರಿಗೆಂದು ಬಡಿದ ರೊಟ್ಟಿ ಮನೆಯಲ್ಲೇ ಉಳಿದಿತ್ತು, ನಾವು ತಿಂಗಳುಗಟ್ಟಲೆ ಅದನ್ನೇ ತಿಂದೆವು. ಹೊರಗೆ ಇಟ್ಟ ಬುಟ್ಟಿಯನ್ನು ಸೊಸೆ ಮದುವೆಯ ದಿನ ಸಂಜೆಯೇ ಒಳಗೆ ತಂದಿದ್ದಳು. ನಮಗೆ ಹೆಡಿಗೆಯ ರೊಟ್ಟಿ ಬಡಿಸಿ, ತಾನು ದಿನವೂ ಆ ಬುಟ್ಟಿಯದನ್ನೇ ತಿಂದಳು. ಮುಗಿಯುವವರೆಗೂ ತಿಂದಳು. ನನ್ನೆದುರೇ ಕೂತು ತಿನ್ನುತ್ತಿದ್ದಳು.

ಲಾರಿಯ ವಿಷಯ ನನಗೆ ತಿಳಿದದ್ದು ಅದೇ ದಿನಗಳಲ್ಲಿ. ಊರ ಬಾಯಿಗೆ ಜಾಲಿಮುಳ್ಳು ಹಾಕಿ ರಸ್ತೆ ಮುಚ್ಚಿದ್ದರು, ಕಾವಲಿಗೆ ನಾನೂ ಕೂತಿದ್ದೆ. ದ್ರಾಕ್ಷಿ ಶೆಡ್ಡಿನ ಮಾಲೀಕ ಮಾತಿಗೆ ಮಾತು ಬಂದು ಹೇಳಿದ. ಆ ಬುಧವಾರ ಅವನ ಮಾಲು ತರಲೆಂದು ಲಾರಿ ಗಡಿಯ ಈಚೆಗಿನ ಕನಮಡಿಯ ತನಕ ಹೋಗಿ ಬಂದಿತ್ತು. ಗಡಿ ದಾಟಿ ಎರಡು ವಾರದ ಮೇಲಾಗಿತ್ತು. ಕನಮಡಿ ರಸ್ತೆಯಿಂದ ಬರುವ ಗಾಡಿಯೆಲ್ಲ ಗಡಿಯಾಚೆಯಿಂದ ಬರಬೇಕಿಲ್ಲ ಎಂಬುದು ಹದಿನಾರು ವರ್ಷ ಕನಮಡಿಯಲ್ಲೇ ಬಸ್ಸು ತಿರುಗಿಸಿಕೊಂಡು ಬಂದ ನನಗಿಂತ ಹೆಚ್ಚು ಯಾರಿಗೆ ಗೊತ್ತಿರಬೇಕಿತ್ತು?

ಆಗಲಾದರೂ ಹೇಳಬಹುದಿತ್ತು. ಅದರ ಬದಲು ಇನ್ನೂ ಕೆಟ್ಟದ್ದನ್ನು ಮಾಡಿದೆ. ಮರುವರ್ಷ ಓಣಿಯಲ್ಲಿ ಒಬ್ಬರ ಹೊಸ ಮನೆಯ ವಾಸ್ತು ಇತ್ತು. ಎಲ್ಲರೂ ಊಟಕ್ಕೆ ಸೇರಿದ್ದರು. ನಾನು ಎದ್ದುಹೋಗಿ ಎದುರು ಮನೆಯವಳ ಮುಂದೆ ಕೈ ಮುಗಿದು, ನಮ್ಮ ಸೊಸೆಯಿಂದ ತಪ್ಪಾಯಿತು, ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದೆ. ಹಿರೇ ಮನಷಾ ಅಂದ್ರ ಹಿಂಗಿರಬೇಕು ಎಂದು ನಾಲ್ಕು ಜನ ತಲೆದೂಗಿದರು. ನನಗೆ ಒಳಗೊಳಗೇ ಹಿತವೂ ಆಯಿತು, ಅದನ್ನೂ ಬಚ್ಚಿಡುವುದಿಲ್ಲ. ಸೊಸೆ ಆಗ ಹೆಂಗಸರ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದಳು. ಅವಳ ಕೈಯ ಸೌಟು ನಿಂತಿತು, ಮತ್ತೆ ಬಡಿಸುತ್ತಾ ಮುಂದೆ ಹೋಯಿತು. ಇದ್ದಬದ್ದ ದಾರಿಯೂ ಅವತ್ತು ಮುಚ್ಚಿತು. ಅಲ್ಲಿಯತನಕ ಓಣಿಯವರಿಗೆ ಸಂಶಯವಾದರೂ ಇತ್ತು. ನಾನೇ ಕೈ ಮುಗಿದು ಅದಕ್ಕೆ ಮುದ್ರೆ ಒತ್ತಿದೆ.

ಹೋದ ವಾರ ಕಣ್ಣು ತೋರಿಸಲು ವಿಜಯಪುರಕ್ಕೆ ಹೊರಟಿದ್ದೆ. ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಎದುರು ಮನೆಯವಳೂ ಬಸ್ಸಿಗೆ ಕಾಯುತ್ತಿದ್ದಳು. ಕಟ್ಟೆಯ ಆ ತುದಿಗೆ ಅವಳು, ಈ ತುದಿಗೆ ನಾನು. ಬಸ್ಸು ಬರಲಿಲ್ಲ. ನಾನು ಹೋಗಿ ಅವಳ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಬುಟ್ಟಿ ಬೇರೆ ಇಟ್ಟವನು ನಾನು, ಸೊಸೆ ಬೇಡವೆಂದಳು, ಸುಳ್ಳು ಹೇಳಿದವನು ನಾನು, ವಾಸ್ತುವಿನ ದಿನ ಕೈ ಮುಗಿದದ್ದೂ ಸುಳ್ಳೇ ಎಂದೆ. ತಪ್ಪಾಯಿತವ್ವಾ ಎಂದು ಕೈ ಮುಗಿದೆ. ಹೇಳುವುದು ಇಷ್ಟು ಸುಲಭವಾಗಿತ್ತೇ ಎಂದು ನನಗೇ ಆಶ್ಚರ್ಯವಾಯಿತು.

ಅವಳು ಬಸ್ಸು ಬರುವ ದಿಕ್ಕಿಗೆ ಬಗ್ಗಿ ನೋಡಿದಳು.

"ಕಾಕಾರ, ನೀವು ಬಸ್ ನಡಸೂವಾಗೂ ಇಷ್ಟ ಲೇಟ್ ಮಾಡ್ತಿದ್ರೇನ್ರಿ?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ನನಗ ಹೇಳಿದ್ರಿ, ಚಲೋ ಆತು. ಆಕಿಗಿ ಹೇಳೀರೇನು?"

"ಆಕಿಗಿ ಗೊತ್ತ ಐತಲ್ಲವಾ."

"ಗೊತ್ತಿರೂದು ಬ್ಯಾರೆ ರೀ. ಆಕಿ ಮಾರಿ ನೋಡಲಾರದ ಐದು ವರ್ಷ ದಾಟಿಸೇನಿ ನಾ. ಒಂದ ಸಲ ಒಳಗ ಹೋಗಿ, ಖರೇ ಏನು ಅಂತ ಕೇಳಲಿಲ್ಲ. ಈಗ ಏನಂತ ಹೋಗಿ ಆಕಿ ಬಾಗಲಾ ಬಡೀಲಿ? ಮೊದಲ ನೀವು ಹೇಳ್ರಿ. ನಿಮ್ಮ ಬೆನ್ನಿಗೇ ನಾ ಬರ್ತೇನಿ."

ಬಸ್ಸು ಬಂತು. ಅವಳು ಮುಂದೆ ಕೂತಳು, ನಾನು ಹಿಂದೆ. ವಿಜಯಪುರದವರೆಗೆ ನಾನು ಒಂದೇ ಲೆಕ್ಕ ಹಾಕಿದೆ. ಎದುರು ಮನೆಯವಳಿಗೆ ಎರಡು ಸಲ ಕೈ ಮುಗಿದಿದ್ದೇನೆ, ಒಮ್ಮೆ ಸುಳ್ಳಿಗೆ, ಒಮ್ಮೆ ನಿಜಕ್ಕೆ. ಅವಳ ಗಂಡನಿಗೆ ಅದೇ ಸಂಜೆ ಹೇಳಿದೆ, ಅವನು ಹೋಗಲಿ ಬಿಡ್ರಿ ಎಂದ. ಮಗನಿಗೆ ಹೇಳಿದೆ, ಅವನು ಎದ್ದು ಹೊರಗೆ ಹೋದ. ಫೋನಿನಲ್ಲಿ ಮೊಮ್ಮಗಳಿಗೂ ಹೇಳಿದೆ, ಅವಳು ಅತ್ತಳು. ಮನೆಗೆ ಬಂದು ನಾಲ್ಕು ದಿನದಿಂದ ಇದನ್ನು ಬರೆಯುತ್ತಿದ್ದೇನೆ. ಏನು ಬರೆಯುತ್ತೀರಿ ಎಂದು ಸೊಸೆ ಕೇಳಿಲ್ಲ. ಹೊತ್ತು ಹೊತ್ತಿಗೆ ಊಟ ತಂದಿಟ್ಟು ಹೋಗುತ್ತಾಳೆ. ನಾಳೆ ಹೇಳುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಈ ಹಾಳೆ ಮಡಿಚಿಟ್ಟು ಈಗಲೇ ಹಿತ್ತಲಿಗೆ ಹೋಗುತ್ತೇನೆ, ಬಟ್ಟೆ ಒಗೆಯುವ ಸದ್ದು ಕೇಳುತ್ತಿದೆ. ಇಷ್ಟು ವರ್ಷ ಎಲ್ಲರೆದುರು ನಾನು ಯಾರ ಹೆಸರಿಗೆ ತಪ್ಪನ್ನು ಕಟ್ಟಿದೆನೋ, ಯಾರಿಗೆ ಇಂದಿನವರೆಗೆ ಒಮ್ಮೆಯೂ ತಪ್ಪಾಯಿತು ಎಂದಿಲ್ಲವೋ, ಅವಳು ನನ್ನ ಹಿರಿಯ ಸೊಸೆ.