ಯಾರ ಪೈಕಿರಿ?

ಗಳಗನಾಥದಲ್ಲಿ ಬಸ್ಸಿಳಿದವರು ಯಾರೇ ಇರಲಿ, ಚೀಲ ಕೆಳಗಿಡುವುದರೊಳಗೆ ಯಾರಾದರೊಬ್ಬರು ಕೇಳಿಯೇಬಿಡುತ್ತಾರೆ: "ಯಾರ ಪೈಕಿರಿ?" ಯಾರ ಕಡೆಯವರು, ಯಾರ ನೆಂಟರು, ಎಲ್ಲ ಆ ಒಂದೇ ಪ್ರಶ್ನೆಯಲ್ಲಿ ಬಂತು. ಮಂಗಳವ್ವ ಅದೇ ಊರಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವಳು. ಕೇಳುವುದೆಂದರೆ ಅವಳಿಗೆ ಉಸಿರಾಡಿದಷ್ಟೇ ಸಲೀಸು. ಅಂಥವಳು ಮಗ ಯುವರಾಜನ ಜೊತೆ ಇರಲೆಂದು ರಾಣೆಬೆನ್ನೂರಿನ ಹೊಸ ಬಡಾವಣೆಗೆ ಬಂದಳು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ.

ಬಡಾವಣೆಯಲ್ಲಿ ಅರ್ಧಕ್ಕರ್ಧ ಬಾಡಿಗೆಯವರು. ಯಾರ ಮನೆಗೆ ಯಾರು ಬಂದರು, ಯಾಕೆ ಬಂದರು, ಕೇಳುವವರೇ ಇಲ್ಲ. ಮಂಗಳವ್ವ ಕೇಳಿದಳು. ಹಾಲಿನವನನ್ನು ಕೇಳಿದಳು, ಗ್ಯಾಸಿನವನನ್ನು ಕೇಳಿದಳು, ಮೀಟರ್ ನೋಡಲು ಬಂದವನನ್ನೂ ಬಿಡಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಹಡಿ ಮೇಲೆ ಬಾಡಿಗೆಗೆ ಬಂದ ಹುಡುಗಿಯನ್ನು ಹಿಡಿದು, "ಮದುವಿ ಆಗಿ ನಾಕ ವರ್ಷ ಆತು ಅಂತಿ, ಇನ್ನೂ ಏನೂ ವಿಶೇಷ ಇಲ್ಲೇನವಾ?" ಎಂದುಬಿಟ್ಟಳು. ಹುಡುಗಿ ಅಳುತ್ತ ಮೆಟ್ಟಿಲು ಹತ್ತಿದಳು. ತಪ್ಪು ಮಂಗಳವ್ವನದೇ, ಅವಳ ಪರ ವಕಾಲತ್ತು ಮಾಡುವಂತಿಲ್ಲ.

"ಅತ್ತೀ, ಮಂದಿ ಉಸಾಬರಿ ನಮಗ್ಯಾಕರಿ?" ಎಂದು ಸೊಸೆ ಸುಶ್ಮಿತಾ ಹಣೆ ಹಣೆ ಬಡಿದುಕೊಂಡಳು. ಯುವರಾಜ ತಾಯಿಯ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, "ನನ್ನ ಆಣಿ ಐತಿ ಯವ್ವಾ. ಇನ್ನ ಯಾರನ್ನೂ ಏನೂ ಕೇಳಬ್ಯಾಡ" ಎಂದ. ಮಗನ ಆಣೆ! ಮಂಗಳವ್ವನ ಬಾಯಿಗೆ ಬೀಗ ಬಿತ್ತು.

ಒಂದು ಮಧ್ಯಾಹ್ನ ಎದುರುಮನೆಗೆ ಟೆಂಪೋ ಬಂದು ನಿಂತಿತು. ಆ ಮನೆಯ ನಿರ್ಮಲಾ ಎರಡು ಹೊಲಿಗೆ ಮಷೀನು ಇಟ್ಟುಕೊಂಡು, ಬ್ಲೌಸ್ ಹೊಲಿದು ಸಂಸಾರ ತೂಗಿಸುವವಳು. ಅಂದು ಮದುವೆಗೆಂದು ಹಾವೇರಿಗೆ ಹೋಗಿದ್ದಳು. ಇಳಿದ ಇಬ್ಬರು ಬೀಗದ ಮುಂದೆ ಬಗ್ಗಿ ಬಾಗಿಲು ತೆರೆದು, ಮಷೀನು ಹೊತ್ತು ತಂದರು. ಮನೆ ಬಿಡುತ್ತಿದ್ದಾಳೆಯೇ? ಎಲ್ಲಿಗೆ? ಒಂದು ಮಾತು ಹೇಳಲಿಲ್ಲವಲ್ಲ? ಪ್ರಶ್ನೆಗಳು ಮಂಗಳವ್ವನ ನಾಲಿಗೆ ತುದಿಗೆ ಬಂದು ನಿಂತವು. ಆಣೆ ನೆನಪಾಗಿ ನುಂಗಿಕೊಂಡಳು. ಸಾಲದ್ದಕ್ಕೆ, "ಯವ್ವಾ, ಒಂಚೂರು ಗೇಟ್ ಹಿಡೀರಿ" ಎಂದು ಅವರಲ್ಲೊಬ್ಬ ಕರೆದಾಗ ಹೋಗಿ ಹಿಡಿದಳು. "ಹುಷಾರ್ರೆಪಾ, ಗಾಲಿ ಸೊಟ್ಟ ಆದೀತು" ಎಂದಳು. ಬೆವತಿದ್ದಾರೆಂದು ತಂಬಿಗೆ ತುಂಬ ನೀರೂ ಕೊಟ್ಟಳು. ಕಳ್ಳರು ಕುಡಿದು, ಕೈಮುಗಿದು ಹೋದರು.

ಸಂಜೆ ಬಂದ ನಿರ್ಮಲಾ ಖಾಲಿ ಕೋಣೆ ನೋಡಿ ಅಲ್ಲೇ ಕುಸಿದಳು. ಗಿರಾಕಿಗಳ ಮದುವೆ ಬಟ್ಟೆಯೂ ಹೋಗಿತ್ತು. ಮಂಗಳವ್ವ ಏನನ್ನೂ ಮುಚ್ಚಿಡಲಿಲ್ಲ, ಗೇಟು ಹಿಡಿದದ್ದನ್ನೂ ಹೇಳಿದಳು. ನಿರ್ಮಲಾ ಅವಳ ಮುಖವನ್ನೇ ನೋಡಿದಳು.

"ಎಲ್ಲಾರನ್ನೂ ಕೇಳ್ತಿದ್ರಿ. ಅವರನ್ನ ಒಂದ ಮಾತ ಕೇಳಾಕ ಆಗಲಿಲ್ಲೇನ್ರಿ?"

ಅಲ್ಲಿಗೆ ಅವರಿಬ್ಬರ ನಡುವೆ ಮಾತು ನಿಂತಿತು. ಮಂಗಳವ್ವನಿಗೆ ರೊಟ್ಟಿ ಸೇರದಂತಾಯಿತು.

ಓಣಿಯವರೇ ಒಂದು ಕಾವಲು ಗುಂಪು ಮಾಡಿಕೊಳ್ಳಿ ಎಂದರು ಪೊಲೀಸರು. ಯುವರಾಜ ಮೊಬೈಲಿನಲ್ಲಿ ಗುಂಪು ಮಾಡಿದ. ನೋಡನೋಡುತ್ತ ಅದರ ತುಂಬ ಶುಭೋದಯದ ಹೂಗಳು ತುಂಬಿಕೊಂಡವು, ಕಾವಲು ಮಾತ್ರ ಇಲ್ಲ. ಮಂಗಳವ್ವ ಮಗನ ಮುಂದೆ ಬಂದು ನಿಂತಳು.

"ನಿನ್ನ ಆಣಿ ನೀನ ವಾಪಸ್ ತಗೋ."

"ಮತ್ತ ಮಂದಿ ಮನಸ್ಸು ನೋಯಿಸಾಕೇನು?"

"ಇಲ್ಲೋ ಯಪ್ಪಾ. ಕಾಯಬೇಕಂದ್ರ ಯಾರನ್ನ ಕಾಯಾಕತ್ತೇವಿ ಅನ್ನೂದರ ಗೊತ್ತಿರಬೇಕಿಲ್ಲೋ? ಯಾರ ಪೈಕಿ ಅಂತ ಅಷ್ಟ ಕೇಳ್ತೇನಿ. ಅದರ ಮ್ಯಾಲ ಒಂದ ಮಾತ ಕೇಳಿದ್ರ ನೀನ ಬಂದು ನನ್ನ ಬಾಯಿ ಮುಚ್ಚು."

ಯುವರಾಜ ನಕ್ಕು ಆಣೆ ಬಿಡಿಸಿದ. ಮಂಗಳವ್ವ ಮೊದಲು ಮಹಡಿ ಹತ್ತಿ ಆ ಹುಡುಗಿಯ ಕೈ ಹಿಡಿದು, "ತಪ್ಪಾತವಾ" ಎಂದಳು. ಆಮೇಲೆ ಮನೆ ಮನೆ ತಿರುಗಿ, ಒಂದು ಭಾನುವಾರ ಓಣಿಯನ್ನೇ ಹನುಮಪ್ಪನ ಗುಡಿಯ ಕಟ್ಟೆಗೆ ಕರೆತಂದಳು. ಒಬ್ಬೊಬ್ಬರೇ ತಾವು ಯಾರ ಪೈಕಿ ಎಂದು ಹೇಳತೊಡಗಿದರು. ಕೂಲರ್ ರಿಪೇರಿಯ ಮುಸ್ತಾಕನ ಮಾವನ ಮನೆ ಮೋಟೆಬೆನ್ನೂರಂತೆ! ನರ್ಸ್ ದ್ರಾಕ್ಷಾಯಿಣಿ ತಲೆ ತಗ್ಗಿಸಿ, "ನಾವು ಬರೇ ಹೆಣ್ಮಕ್ಕಳರಿ. ಪಂಚಮಿಗೆ ತವರಿಗೆ ಕರಿಯಾಕ ಬರಾಕ ಒಬ್ಬ ಅಣ್ಣ ತಮ್ಮ ಇಲ್ಲ" ಎಂದಾಗ ಹೆಂಗಸರೆಲ್ಲ ಲೊಚಗುಟ್ಟಿದರು. ಪಕ್ಕದ ಮನೆಯವರ ಬಗ್ಗೆ ಇಷ್ಟು ದಿನ ಏನೂ ಗೊತ್ತಿರಲಿಲ್ಲವಲ್ಲ ಎಂದು ಓಣಿಗೇ ಸೋಜಿಗ. ಅಂಚಿನಲ್ಲಿ ಮುಖ ತಿರುಗಿಸಿ ಕೂತಿದ್ದ ನಿರ್ಮಲಾ, ತನ್ನ ಸರದಿ ಬಂದಾಗ ಎದ್ದು ಹೋದಳು.

ಪಂಚಮಿ ಮುಗಿದ ಮೇಲೊಂದು ಮಧ್ಯಾಹ್ನ ದ್ರಾಕ್ಷಾಯಿಣಿಯ ಮನೆ ಮುಂದೆ ಟೆಂಪೋ ನಿಂತಿತು. ಇಬ್ಬರು ಗೇಟು ದಾಟಿ ಒಳಹೋದರು. ತನ್ನ ಮನೆಯ ಕಟ್ಟೆ ಮೇಲಿದ್ದ ಮಂಗಳವ್ವ ಮೊಣಕಾಲು ಹಿಡಿದುಕೊಂಡು ಏಳುವಷ್ಟರಲ್ಲಿ, ಕೊರಳಿಗೆ ಟೇಪು ಹಾಕಿಕೊಂಡಿದ್ದ ನಿರ್ಮಲಾ ಎದುರುಮನೆಯಿಂದ ದಡದಡ ಇಳಿದು ಹೋಗಿ ಗೇಟಿನ ಹತ್ತಿರ ನಿಂತಳು.

"ಯಾರ ಪೈಕಿರಿ?"

ಇಬ್ಬರಲ್ಲೊಬ್ಬ ಬಾಗಿಲ ಮೇಲಿನ ಹೆಸರಿನತ್ತ ಕಣ್ಣು ಹಾಯಿಸಿದ. "ದ್ರಾಕ್ಷಾಯಿಣಿ ತಮ್ಮರಿ. ಅಕ್ಕ ಮನಿ ಬದಲಿ ಮಾಡಾಕತ್ತಾಳ."

"ಹೌದೇನಪಾ? ಮೊನ್ನೆ ಪಂಚಮಿಗೆ ಅಕ್ಕನ್ನ ಕರಿಯಾಕ ಬರಲಿಲ್ಲ, ಸಾಮಾನು ಒಯ್ಯಾಕ ಬಂದೇನು?"

ಅವನ ಮುಖ ಬಿಳಚಿಕೊಂಡಿತು. ಅಷ್ಟರಲ್ಲಿ ಮಂಗಳವ್ವ ಬಂದು ಮುಟ್ಟಿದ್ದಳು. ಈ ಸಲವೂ ಗೇಟು ಹಿಡಿದಳು, ಹೊರಗಿನಿಂದ ಚಿಲಕ ಹಾಕಿ. "ಬರ್ರೋ, ಲಗೂ ಬರ್ರೋ!" ಎಂದು ಕೂಗಿದ್ದಕ್ಕೆ ಓಣಿಯೆಲ್ಲ ನೆರೆಯಿತು. ಕಾಂಪೌಂಡು ಹಾರಲು ನೋಡಿದವರನ್ನು ಮುಸ್ತಾಕ್ ಕಾಲು ಹಿಡಿದು ಇಳಿಸಿದ. ಒಬ್ಬರೂ ಅವರ ಮೇಲೆ ಕೈ ಮಾಡದಂತೆ ಮಂಗಳವ್ವ ಅಡ್ಡ ನಿಂತಳು. ಪೊಲೀಸರು ಬರುವವರೆಗೂ ಕಟ್ಟೆ ಮೇಲೆ ಕೂರಿಸಿ, ಯಾರ ಪೈಕಿ ಎಂದು ಕೇಳುತ್ತಲೇ ಇದ್ದಳು. ಸಾಕಪ್ಪಾ ಸಾಕು ಎನ್ನಿಸಿರಬೇಕು ಅವರಿಗೆ.

ನಿರ್ಮಲಾಳ ಮಷೀನುಗಳಲ್ಲಿ ಒಂದು ಸಿಕ್ಕಿತು, ಇನ್ನೊಂದು ಮಾರಿಹೋಗಿತ್ತು. ಸಿಕ್ಕಿದ್ದು ಮನೆಗೆ ಬಂದ ದಿನ ಅವಳೇ ರಸ್ತೆ ದಾಟಿ ಬಂದು ಮಂಗಳವ್ವನನ್ನು ಕರೆದೊಯ್ದು, ಮಷೀನಿನ ಪಕ್ಕ ಕೂರಿಸಿ, ಚಹಾ ಕೊಟ್ಟು, ಹೊಲಿಯತೊಡಗಿದಳು.

"ಯವ್ವಾ, ಓಣಿ ಮಂದೀನೆಲ್ಲ ಕೇಳಿದ್ರಿ. ನೀವು ಯಾರ ಪೈಕಿರಿ?"

ಮಂಗಳವ್ವ ಚಹಾದ ಲೋಟ ಕೆಳಗಿಟ್ಟಳು. ಈ ಬಡಾವಣೆಗೆ ಬಂದಾಗಿನಿಂದ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರಿಗೂ ಅವಳು ಯುವರಾಜನ ತಾಯಿ, ಅಷ್ಟೇ. ದುಃಖ ಒತ್ತರಿಸಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಗಳಗನಾಥದ ಫಕ್ಕೀರಪ್ಪನ ಮಗಳವಾ ನಾನು" ಎಂದು ಶುರುಮಾಡಿದಳು. ನಿರ್ಮಲಾ ಮಷೀನು ನಿಲ್ಲಿಸಿ ಕೇಳುತ್ತ ಕೂತಳು.