ಹೇಳದೆ ಕೇಳದೆ ಬೀಳುವ ಕಲ್ಲು

ಆಪರೇಟರ್ ಅಕ್ಕ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಲೈನಿನಲ್ಲಿ ಗೊರಗೊರ ಬಂದರೆ ತಂತಿ ಸಡಿಲವಾಗಿದೆಯೋ, ಪೆಟ್ಟಿಗೆಯೊಳಗೆ ನೀರು ಇಳಿದಿದೆಯೋ ಎಂದು ಕೂತಲ್ಲೇ ಹೇಳುತ್ತಿದ್ದಳು. ಲೈನ್‌ಮನ್ ಹೋಗಿ ನೋಡಿದರೆ ಅವಳು ಹೇಳಿದ ಹಾಗೇ ಇರುತ್ತಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಲೈನ್ ಬಿಜಿ ಇತ್ತು" ಅನ್ನುತ್ತಿದ್ದಳು. ಕೆಲಸದಿಂದ ನಿವೃತ್ತಿಯಾದ ಮೇಲೆ ತಮ್ಮನ ಮನೆಗೆ ಬಂದಳು. ಕೆಳಗೆ ತಮ್ಮನ ಅಂಗಡಿ, ಮೇಲೆ ಮನೆ.

ಅಂಗಡಿ ಹಳೆಯ ವಿಡಿಯೋ ಗೇಮ್‌ಗಳದು. ಜನ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ಕ್ಯಾಸೆಟ್ಟು, ಪೆಟ್ಟಿಗೆ, ವೈರು ಎಲ್ಲ ತಂದು ಹಾಕುತ್ತಿದ್ದರು. ತಮ್ಮ ಅದನ್ನು ಒರೆಸಿ, ರಿಪೇರಿ ಮಾಡಿ, ಕಪಾಟಿನಲ್ಲಿ ಜೋಡಿಸುತ್ತಿದ್ದ. ಒಂದು ದಿನ ಗಿರಾಕಿಯೊಬ್ಬ ಎರಡು ಕ್ಯಾಸೆಟ್ ಕೈಯಲ್ಲಿ ಹಿಡಿದು, ಇದರಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದ. ತಮ್ಮ ಎರಡೂ ಚೆನ್ನಾಗಿದೆ ಅಂದ. ಅವನು ಎರಡನ್ನೂ ಇಟ್ಟು ಹೋದ.

"ಎಲ್ಲ ಚೆನ್ನಾಗಿದೆ ಅನ್ನೋನ ಮಾತು ಯಾರು ನಂಬ್ತಾರೆ?" ಅಂದಳು ಅಕ್ಕ.

"ಹಂಗಾದ್ರೆ ನೀನೇ ಆಡಿ ಹೇಳು."

ತಮ್ಮ ತಮಾಷೆಗೆ ಅಂದಿದ್ದ. ಅವಳು ಮಾರನೆಯ ದಿನವೇ ಒಂದು ಕಟ್ಟು ಬಿಳಿ ಕಾರ್ಡು ತಂದಳು. ಆಮೇಲೆ ಏಳು ವರ್ಷ ಅದೇ ಕೆಲಸ.

ಒಂದೊಂದು ಆಟಕ್ಕೆ ಮೂರು ದಿನ. ಮೊದಲ ದಿನ ಟಿ.ವಿ.ಯ ಸದ್ದು ಪೂರಾ ತೆಗೆದು ಬರೀ ಚಿತ್ರ ನೋಡುವುದು: ಬಣ್ಣ ಒಂದರ ಮೇಲೊಂದು ಬಿದ್ದಿದೆಯೇ, ಹಿಂದಿನ ಗೋಡೆಯಲ್ಲಿ ಮುಂದಿನ ಮನುಷ್ಯ ಕಳೆದುಹೋಗುತ್ತಾನೆಯೇ. ಎರಡನೆಯ ದಿನ ಟಿ.ವಿ.ಗೆ ಬೆನ್ನು ಹಾಕಿ ಕೂರುವುದು. ಹಳೆಯ ಆಟಗಳಲ್ಲಿ ಬಹಳಷ್ಟು, ಯಾರೂ ಮುಟ್ಟದೆ ಬಿಟ್ಟರೆ, ಸ್ವಲ್ಪ ಹೊತ್ತಿಗೆ ತಾವೇ ಆಡಿ ತೋರಿಸುತ್ತವೆ. ಅದನ್ನು ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೂರನೆಯ ದಿನ ಆಡುವುದು. ಆಮೇಲೆ ಕಾರ್ಡಿನಲ್ಲಿ ಮೂರು ಸಾಲು: ಚಿತ್ರ, ಸದ್ದು, ಆಟ. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ. ಹತ್ತಕ್ಕೆ ಹತ್ತು ಯಾವ ಆಟಕ್ಕೂ ಕೊಟ್ಟವಳಲ್ಲ. "ಹತ್ತು ಕೊಟ್ಟುಬಿಟ್ರೆ ಮುಂದೆ ಬರೋದಕ್ಕೆ ಏನು ಕೊಡ್ಲಿ?" ಅನ್ನುತ್ತಿದ್ದಳು.

ಸದ್ದಿನ ಸಾಲಿನಲ್ಲಿ ಎಕ್ಸ್‌ಚೇಂಜಿನ ಮಾತೇ ಇರುತ್ತಿತ್ತು. ಚೆನ್ನಾಗಿದ್ದರೆ "ಲೈನ್ ಸ್ಪಷ್ಟ". ಕರ್ಕಶವಾಗಿದ್ದರೆ "ಗೊರಗೊರ". ಏನೂ ಇಲ್ಲದಿದ್ದರೆ "ಲೈನ್ ಡೆಡ್". ಗಿರಾಕಿಗಳು ಈ ಮಾತು ಕಲಿತುಬಿಟ್ಟಿದ್ದರು. ಕಪಾಟಿನ ಮುಂದೆ ನಿಂತು, "ಇದು ಲೈನ್ ಸ್ಪಷ್ಟ ಕಣೋ, ತಗೋ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಮಹಡಿಯ ಮೆಟ್ಟಿಲ ತನಕ ಕೇಳುತ್ತಿತ್ತು.

ಏಳು ವರ್ಷಕ್ಕೆ ನಾನೂರ ಹನ್ನೆರಡು ಕಾರ್ಡು ಆದವು. ಎಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸೋಣ ಎಂದು ತಮ್ಮ ಹಿಂದಿನ ಬೀದಿಯ ಪ್ರೆಸ್ಸಿನವನಿಗೆ ಹೇಳಿದ. ಶನಿವಾರ ಕಾರ್ಡು ಕೊಡಬೇಕು ಅಂತ ಮಾತಾಯಿತು. ಅಕ್ಕ ಮೇಲೆ ಮೇಲೆ "ಅದೆಲ್ಲ ಯಾಕೆ" ಅಂದಳು. ಒಳಗೊಳಗೆ, ಹೆಸರಿನ ಕೆಳಗೆ "ನಿವೃತ್ತ ಆಪರೇಟರ್" ಎಂದಿರಬೇಕೋ "ನಿವೃತ್ತ ಹಿರಿಯ ಆಪರೇಟರ್" ಎಂದಿರಬೇಕೋ ಎಂದು ಮೂರು ಸಲ ಚೀಟಿಯಲ್ಲಿ ಬರೆದು ನೋಡಿದ್ದಳು.

ಆ ವಾರದ ಮಂಗಳವಾರ ಗಡಿಯಾರ ರಿಪೇರಿಯವನು ಬಂದ. ಐವತ್ತರ ಹತ್ತಿರದ ಮನುಷ್ಯ, ಎದುರು ಸಾಲಿನಲ್ಲೇ ಅಂಗಡಿ, ಊಟದ ಹೊತ್ತಿನಲ್ಲಿ ಬಾಗಿಲು ಎಳೆದುಕೊಂಡು ಆಟ ಆಡುವ ಚಟ. ಕೈಯಲ್ಲಿ ಹಿಂದಿನ ವಾರ ಇಲ್ಲೇ ಕೊಂಡ ಗಣಿಯ ಆಟದ ಕ್ಯಾಸೆಟ್ಟಿತ್ತು. ದೀಪ ಹಿಡಿದ ಗಣಿ ಕೆಲಸದವನೊಬ್ಬ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತ ಹೋಗುವ ಆಟ. ಅದರ ಕಾರ್ಡಿನಲ್ಲಿ ಅಕ್ಕ ಬರೆದಿದ್ದಳು: "ಚಿತ್ರ ಏಳು. ಸದ್ದು ಎರಡು, ಲೈನ್ ಡೆಡ್. ಆಟ ಮೂರು. ಕಲ್ಲು ಹೇಳದೆ ಕೇಳದೆ ತಲೆ ಮೇಲೆ ಬೀಳುತ್ತದೆ. ಇದು ಆಟವಲ್ಲ, ಮೋಸ."

"ಅಕ್ಕಾವ್ರೇ, ಬೇಜಾರು ಮಾಡ್ಕೋಬೇಡಿ. ಈ ಕಾರ್ಡಲ್ಲಿ ಒಂದು ತಪ್ಪಿದೆ," ಅಂದ.

"ಯಾವುದಪ್ಪ?"

"ಕಲ್ಲು ಹೇಳದೆ ಕೇಳದೆ ಬೀಳುತ್ತೆ ಅಂದಿದೀರಿ. ಅದು ಹೇಳಿಯೇ ಬೀಳುತ್ತೆ."

"ನಾನು ಅದರಲ್ಲಿ ಇಪ್ಪತ್ತು ಸಲ ಸತ್ತಿದೀನಿ. ಒಂದು ಸಲಾನೂ ಹೇಳ್ಲಿಲ್ಲ."

"ಸಿಳ್ಳೆ ಹೊಡೆಯುತ್ತೆ. ಸಣ್ಣಕೆ, ಇಲಿಮರಿ ಕೂಗಿದ ಹಾಗೆ. ಆಮೇಲೆ ಎರಡು ಎಣಿಸೋ ಅಷ್ಟು ಟೈಮ್ ಬೇರೆ ಕೊಡುತ್ತೆ. ಅಷ್ಟು ಮರ್ಯಾದಸ್ಥ ಕಲ್ಲು ನಾನು ನೋಡೇ ಇಲ್ಲ."

ತಮ್ಮ ಗಲ್ಲಾದ ಹಿಂದೆ ನಕ್ಕ. ಅಕ್ಕನಿಗೆ ಮೂಗಿನ ತುದಿಗೇ ಸಿಟ್ಟು ಬಂತು.

"ನಿನ್ನ ಅಂಗಡೀಲಿ ಇಡೀ ದಿನ ನೂರು ಗಡಿಯಾರ ಟಿಕಟಿಕ ಅಂತಿರುತ್ವೆ. ನಿನ್ನ ಕಿವೀಲಿ ಇನ್ನೂ ಏನೇನು ಕೂಗುತ್ತೋ ಯಾರಿಗೆ ಗೊತ್ತು. ಹಾಕು ಅದನ್ನ, ನೋಡೇ ಬಿಡೋಣ."

ಅಂಗಡಿಯ ಟಿ.ವಿ.ಗೆ ಕ್ಯಾಸೆಟ್ ಹಾಕಿದರು. ಅಕ್ಕ ಆಡಲು ಕೂತಳು. ಗಡಿಯಾರದವನು ಪಕ್ಕದ ಸ್ಟೂಲಿನ ಮೇಲೆ ಕೂತು, ಸಿಳ್ಳೆ ಬಂದಾಗ ಬೆರಳೆತ್ತುತ್ತೇನೆ ಅಂದ. ಗಣಿಯವನು ಇಳಿಯತೊಡಗಿದ. ಬೆರಳು ಎದ್ದಿತು. ಒಂದು, ಎರಡು. ಕಲ್ಲು ಬಿತ್ತು, ಗಣಿಯವನು ಸತ್ತ. ಅಕ್ಕನಿಗೆ ಏನೂ ಕೇಳಲಿಲ್ಲ. ಮತ್ತೆ ಆಡಿದಳು. ಬೆರಳು ಎದ್ದಿತು, ಕಲ್ಲು ಬಿತ್ತು. ಮೂರನೆಯ ಸಲ ಅವಳು ಟಿ.ವಿ. ಬಿಟ್ಟು ತಮ್ಮನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿಕೊಂಡು ಯಾವುದೋ ವೈರಿಗೆ ಬೆಸುಗೆ ಹಾಕುತ್ತಿದ್ದ. ಬೆರಳು ಎದ್ದ ಗಳಿಗೆಯಲ್ಲೇ ಅವನೂ ತಲೆಯೆತ್ತಿ ಟಿ.ವಿ. ಕಡೆ ನೋಡಿದ. ಅವನಿಗೆ ಯಾರೂ ಹೇಳಿರಲಿಲ್ಲ.

ನಾಲ್ಕನೆಯ ಸಲ ಅಕ್ಕ ಬೆರಳು ನೋಡಿಕೊಂಡು ಆಡಿದಳು. ಬೆರಳು ಎದ್ದಾಗ ಪಕ್ಕಕ್ಕೆ ಸರಿದಳು. ಹೀಗೇ ಸರಿಯುತ್ತ ಸರಿಯುತ್ತ ಗಣಿಯ ತಳ ಮುಟ್ಟಿದಳು. ಅಲ್ಲಿ ಒಂದು ಬಾಗಿಲು ತೆರೆಯಿತು. ಆ ಬಾಗಿಲನ್ನು ಅವಳು ಹಿಂದೆ ನೋಡಿರಲೇ ಇಲ್ಲ.

"ಸ್ಪೀಕರ್ ಹಳೇದಾಗಿದೆ ಅನ್ಸುತ್ತೆ," ಅಂದ ಗಡಿಯಾರದವನು.

"ಸ್ಪೀಕರ್ ಒಂದೇ. ಕಿವಿ ಮೂರು ಜೊತೆ," ಅಂದಳು ಅಕ್ಕ. ಕ್ಯಾಸೆಟ್ ತೆಗೆದು ಅವನ ಕೈಗೆ ಕೊಟ್ಟು ಮಹಡಿ ಹತ್ತಿದಳು.

ಮೇಲೆ ತಮ್ಮನ ಹೆಂಡತಿ ಕಿಟಕಿ ಹತ್ತಿರ ಹೊಲಿಗೆ ಮೆಶಿನ್ ಮುಂದೆ ಕೂತಿದ್ದಳು. ಅಂಗಿಯ ಕಾಲರ್ ಹೊಲಿದುಕೊಡುವುದು ಅವಳ ಕೆಲಸ. ಅಕ್ಕ ಟ್ರಂಕು ತೆಗೆದು ಕಾರ್ಡುಗಳನ್ನೆಲ್ಲ ಮಂಚದ ಮೇಲೆ ಹರಡಿದಳು. ಅಂಗಡಿಯಲ್ಲಿ ತೂಗುಹಾಕುವುದು ನಕಲು, ಆಟ ಮಾರಿಹೋದರೂ ಅದು ಅಲ್ಲೇ ಇರುತ್ತಿತ್ತು. ತಾರೀಖು ಹಾಕಿದ ಅಸಲು ಅವಳ ಹತ್ತಿರವೇ ಇರುತ್ತಿತ್ತು. ತಾರೀಖಿನ ಪ್ರಕಾರ ಜೋಡಿಸಿ ಸದ್ದಿನ ಅಂಕ ಮಾತ್ರ ಓದುತ್ತ ಹೋದಳು. ಮೊದಲ ಐದು ವರ್ಷ ಆರು, ಏಳು, ಎಂಟು, ಅಲ್ಲೊಂದು ಇಲ್ಲೊಂದು ಮೂರು. ಮುನ್ನೂರನೆಯ ಕಾರ್ಡು ದಾಟಿದ ಮೇಲೆ ಐದು, ನಾಲ್ಕು. ಕೊನೆಯ ಅರವತ್ತರಲ್ಲಿ ನಾಲ್ಕರ ಮೇಲೆ ಒಂದೂ ಇಲ್ಲ. ಹನ್ನೊಂದು ಕಾರ್ಡಿನಲ್ಲಿ "ಲೈನ್ ಡೆಡ್".

ಹಳೆಯ ಆಟ ತಯಾರಿಸಿದವರೆಲ್ಲ ಒಟ್ಟಿಗೆ ಕೆಟ್ಟುಹೋಗಲು ಸಾಧ್ಯವಿಲ್ಲ. ಆದರೂ ಒಂದು ಪರೀಕ್ಷೆ ಆಗಲಿ ಎಂದು ಎರಡನೆಯ ವರ್ಷದ ದೀಪಸ್ತಂಭದ ಆಟವನ್ನು ಮನೆಯ ಟಿ.ವಿ.ಗೆ ಹಾಕಿದಳು. ಅದರ ಸದ್ದಿಗೆ ಎಂಟು ಕೊಟ್ಟು, "ದೂರದ ದೋಣಿಯ ಸಣ್ಣ ಗಂಟೆ ಕೂಡ ಬೇರೆಯಾಗಿ ಕೇಳುತ್ತದೆ" ಎಂದು ಬರೆದಿದ್ದಳು. ಬೆನ್ನು ಹಾಕಿ ಕೂತು ಕೇಳಿದಳು. ಅಲೆ ಕೇಳಿತು. ಇಂಜಿನ್ನಿನ ಗುಡುಗುಡು ಕೇಳಿತು. ಗಂಟೆ ಕೇಳಲಿಲ್ಲ.

"ಅತ್ತಿಗೆ, ಸ್ವಲ್ಪ ಕಮ್ಮಿ ಮಾಡಿ. ಕಿವಿ ತೂತಾಗುತ್ತೆ," ಅಂದಳು ತಮ್ಮನ ಹೆಂಡತಿ.

"ಗಂಟೆ ಕೇಳ್ತಿದೆಯಾ ನಿನಗೆ?"

"ಗಂಟೆ, ಅಲೆ, ಕೆಳಗಡೆ ನಿಮ್ಮ ತಮ್ಮ ಕೆಮ್ಮಿದ್ದು, ಎಲ್ಲ ಕೇಳ್ತಿದೆ. ನೀವು ಬಂದ ಹೊಸದರಲ್ಲಿ ಈ ಟಿ.ವಿ. ಹದಿನಾಲ್ಕರಲ್ಲಿ ಇಡ್ತಿದ್ರಿ. ಈಗ ಇಪ್ಪತ್ತಾರು. ಎರಡು ವರ್ಷದಿಂದ ಹೇಳ್ತಾನೇ ಇದೀನಿ."

"ನೀನು ಬೈತಿದ್ದೆ. ಹೇಳ್ತಿರಲಿಲ್ಲ."

ತಮ್ಮನ ಹೆಂಡತಿ ಮೆಶಿನ್ ನಿಲ್ಲಿಸಿ ಅತ್ತಿಗೆಯ ಮುಖ ನೋಡಿದಳು. ಮಂಚದ ಮೇಲಿನ ಕಾರ್ಡುಗಳನ್ನೂ ನೋಡಿದಳು. ಆಮೇಲೆ ಮತ್ತೆ ಕಾಲರ್ ಹಿಡಿದಳು.

ಬುಧವಾರ ಅಕ್ಕ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಳು. ದಪ್ಪ ಸದ್ದು ಇದೆ, ಸಣ್ಣ ಸದ್ದು ಹೋಗಿದೆ, ಹೋದದ್ದು ಬರುವುದಿಲ್ಲ, ಕಿವಿಗೆ ಮೆಶಿನ್ ಹಾಕಿದರೆ ಜನರ ಮಾತು ತಿಳಿಯಾಗುತ್ತದೆ, ಆ ಇಲಿಮರಿ ಸಿಳ್ಳೆಯ ಭರವಸೆ ಕೊಡಲಾರೆ ಎಂದು ಅವರು ಹೇಳಿದರು. ಗುರುವಾರ ಊಟಕ್ಕೆ ಕೂತಾಗ ಅವಳು ತಮ್ಮನಿಗೆ ವಿಷಯ ತೆಗೆದಳು.

"ಶನಿವಾರ ಕಾರ್ಡು ಕೊಡೋದು ಬೇಡ. ನೂರ ಹನ್ನೆರಡು ಕಾರ್ಡಲ್ಲಿ ಸದ್ದಿನ ಅಂಕ ತಪ್ಪಿದೆ."

"ಅಕ್ಕ, ಪ್ರೆಸ್ಸಿನವನು ಪೇಪರ್ ತರಿಸಿದಾನೆ. ಅಷ್ಟು ಸೂಕ್ಷ್ಮ ಯಾರು ನೋಡ್ತಾರೆ? ಬೇಕಾದ್ರೆ ಸದ್ದಿನ ಸಾಲೇ ತೆಗೆದುಬಿಡೋಣ. ಚಿತ್ರ, ಆಟ, ಎರಡೇ ಸಾಕು."

"ಗಣಿ ಆಟಕ್ಕೆ ಆಟದ ಸಾಲಲ್ಲಿ ಮೂರು ಕೊಟ್ಟಿದೀನಿ. ಯಾಕೆ? ಸಿಳ್ಳೆ ಕೇಳದೆ ಸತ್ತಿದ್ದಕ್ಕೆ. ಸದ್ದಿನ ಸಾಲು ತೆಗೆದ್ರೆ ಆ ಮೂರು ಎಲ್ಲಿಗೆ ಹೋಗುತ್ತೆ?"

ತಮ್ಮ ತಟ್ಟೆಯ ಅನ್ನ ಕಲಸಿದ.

"ಎಕ್ಸ್‌ಚೇಂಜಲ್ಲಿ ತಪ್ಪಿ ಬೇರೆ ಲೈನ್ ಕೊಟ್ಟುಬಿಟ್ರೆ, ಇಬ್ಬರಿಗೂ ಹೇಳಿ, ಕಟ್ ಮಾಡಿ, ಮತ್ತೆ ಕೊಡ್ತಿದ್ವಿ. ಹೆಂಗೂ ಸಿಕ್ಕಿದಾರಲ್ಲ, ಅವರವರೇ ಮಾತಾಡ್ಕೊಳ್ಳಲಿ ಅಂತ ಬಿಡ್ತಿರಲಿಲ್ಲ."

"ನಿನ್ನ ಹೆಸರು ಹಾಕಿಸಿ ಪುಸ್ತಕ ತರಬೇಕು ಅಂತಿದ್ದೆ ಕಣೆ."

"ಹೆಸರು ಹಾಕ್ತೀಯ ಅಂತಲೇ ಬೇಡ ಅಂದಿದ್ದು."

ಅಂದು ಮಧ್ಯಾಹ್ನ ಅಂಗಡಿಯ ನೂರ ಹನ್ನೆರಡು ನಕಲು ಕಾರ್ಡುಗಳಲ್ಲಿ ಸದ್ದಿನ ಅಂಕವನ್ನು ಅವಳೇ ಸ್ಕೇಲ್ ಇಟ್ಟು ಗೆರೆ ಹೊಡೆದಳು. ಬಾಗಿಲ ಗಾಜಿಗೆ ಒಂದು ಹಾಳೆ ಅಂಟಿಸಿದಳು: "ಗೆರೆ ಹೊಡೆದ ಅಂಕ ತಪ್ಪು. ತಪ್ಪು ಆಟದ್ದಲ್ಲ, ಬರೆದವಳ ಕಿವಿಯದು. ಮತ್ತೆ ನೋಡಿ ಬರೆಯಲಾಗುವುದು." ಗಿರಾಕಿಗಳು ಓದಿದರು. ಒಬ್ಬಿಬ್ಬರು ನಕ್ಕರು. ಒಬ್ಬ, ತಾನು ಆ ಅಂಕ ನಂಬಿ ಬಿಟ್ಟುಹೋಗಿದ್ದ ಆಟ ಇನ್ನೂ ಇದೆಯೇ ಎಂದು ಕೇಳಿದ. ಇರಲಿಲ್ಲ. ಅಕ್ಕ ಅವನ ಕ್ಷಮೆ ಕೇಳಿದಳು.

ಮತ್ತೆ ನೋಡಿ ಬರೆಯಲು ಕಿವಿ ಬೇಕಿತ್ತು. ಗಡಿಯಾರದವನಿಗೆ ಊಟದ ಹೊತ್ತು ಬಿಟ್ಟರೆ ಬಿಡುವಿಲ್ಲ. ತಮ್ಮನಿಗೆ ಎಲ್ಲವೂ ಚೆನ್ನಾಗಿದೆ. ಉಳಿದವಳು ಒಬ್ಬಳೇ. ಅವಳಿಗೆ ಆಟವೆಂದರೆ ಆಗದು. ಏಳು ವರ್ಷದಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

"ನಾನು ಟಿ.ವಿ. ನೋಡಲ್ಲ, ಮೊದಲೇ ಹೇಳಿದೀನಿ," ಅಂದಳು ತಮ್ಮನ ಹೆಂಡತಿ.

"ನೋಡ್ಬೇಡ. ಬೆನ್ನು ಹಾಕಿ ಕೂತ್ಕೊಂಡು ಗುಂಡಿ ಹೊಲಿ. ಕೇಳಿದ್ದು ಹೇಳು, ಅಷ್ಟೇ."

ಸೋಮವಾರ ಗಣಿಯ ಆಟದಿಂದ ಶುರುವಾಯಿತು. ಕಾರ್ಡಿನ ಸಲುವಾಗಿ ಅದನ್ನು ಗಡಿಯಾರದವನಿಂದ ಒಂದು ವಾರಕ್ಕೆ ಕೇಳಿ ತಂದಿದ್ದಳು. ಟಿ.ವಿ. ಹದಿನಾಲ್ಕರಲ್ಲಿತ್ತು. ಗೋಡೆಯ ಕಡೆ ಮುಖ ಮಾಡಿ ಕೂತ ತಮ್ಮನ ಹೆಂಡತಿ ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳತೊಡಗಿದಳು. "ಯಾರೋ ನಡೀತಿದಾನೆ. ಬೂಟು ಒದ್ದೆಯಾಗಿದೆ. ಎಲ್ಲೋ ನೀರು ತೊಟ್ಟಿಕ್ತಿದೆ, ಒಂದು ಕಡೆ ಅಲ್ಲ, ಎರಡು ಕಡೆ. ಹಾಂ, ಇಲಿ." ಅಕ್ಕ ಪಕ್ಕಕ್ಕೆ ಸರಿದಳು. ಕಲ್ಲು ಬರೀ ನೆಲದ ಮೇಲೆ ಬಿತ್ತು. ಎರಡು ಕಡೆ ನೀರು ತೊಟ್ಟಿಕ್ಕುವುದು ಅಕ್ಕನಿಗೆ ಹೊಸ ವಿಷಯ. ಅದನ್ನು ಚೀಟಿಯಲ್ಲಿ ಬರೆದುಕೊಂಡಳು.

ಆಟಕ್ಕೆ ಎಂಟು ಎಂದು ತಿದ್ದಿದಳು. ಅದು ಅವಳದೇ ಅಂಕ, ಅನುಮಾನವಿರಲಿಲ್ಲ. ಸದ್ದಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಎಷ್ಟು ಕೊಡ್ತೀಯ?"

"ಒಂಬತ್ತು."

"ಒಂಬತ್ತು ಅಂದ್ರೆ ದೊಡ್ಡ ಮಾತಾಯ್ತು. ಏಳು ಸಾಕು."

"ಅತ್ತಿಗೆ, ನಿಮಗೆ ಕೇಳಿಸಿದ್ದು ಅರ್ಧ. ಮಿಕ್ಕ ಅರ್ಧಕ್ಕೆ ಏಳು ಅಂತ ಹೆಂಗೆ ಹೇಳ್ತೀರಿ?"

"ನಿನಗೆ ಬೇರೆ ಆಟ ಗೊತ್ತಿಲ್ಲ. ಯಾವುದಕ್ಕೆ ಹೋಲಿಸಿ ಒಂಬತ್ತು ಅಂತೀಯ?"

"ಏಳು ವರ್ಷ ಈ ರೂಮಲ್ಲಿ ಬೆನ್ನು ಹಾಕ್ಕೊಂಡು ಹೊಲಿದಿದೀನಿ. ನಾನೂರು ಆಟಾನೂ ಕೇಳಿದೀನಿ. ನೀವು ಎರಡು ದಿನ ಕೇಳಿದ್ರೆ ನಾನೂ ಎರಡು ದಿನ ಕೇಳಿದೀನಿ. ಬೇಕೂ ಅಂತ ಕೇಳಿದ್ದಲ್ಲ, ಆದ್ರೂ ಕೇಳಿದೀನಿ."

ಅಕ್ಕ ಮತ್ತೆ ಪೆನ್ನು ಎತ್ತಿದಳು. ತಾನು ಕೇಳದ ಸದ್ದಿಗೆ ಅಂಕ ಹಾಕಿದ್ದು ಅವಳ ಏಳು ವರ್ಷದಲ್ಲಿ ಬೇಕಾದಷ್ಟಿತ್ತು. ತಾನು ಕೇಳಿಲ್ಲ ಎಂದು ಗೊತ್ತಿದ್ದು ಹಾಕುವುದು ಇದೇ ಮೊದಲು. ಒಂಬತ್ತು ಎಂದು ಬರೆದಳು. ಅದರ ಪಕ್ಕ, ಕೇಳಿದವಳು ಇವಳು ಎಂದು ತಮ್ಮನ ಹೆಂಡತಿಯ ಹೆಸರನ್ನೂ ಬರೆದಳು. ಶಾಯಿ ಆರಲಿ ಎಂದು ಕಾರ್ಡನ್ನು ಕಿಟಕಿಯಲ್ಲಿಟ್ಟು, ಮುಂದಿನ ಕ್ಯಾಸೆಟ್ ಹಾಕಿದಳು. ತಿದ್ದಲು ಇನ್ನೂ ನೂರ ಹನ್ನೊಂದು ಕಾರ್ಡು ಇದ್ದವು.