ಶಾಲೆಯ ಗೇಟಿನಿಂದ ಹೊರಳಿದ ದಿನ

ತಂಗಿಯ ಇಂಗ್ಲಿಷ್ ತರಗತಿಗೆ ಬರುತ್ತೇನೆಂದು ಮಾತು ಕೊಟ್ಟು ನಾನು ಹೋಗಲಿಲ್ಲ.

ರಬಕವಿಯಲ್ಲಿ ನಾನು ಕೂಲಿಗೆ ನೇಯುವ ಶೆಡ್ಡಿನಲ್ಲಿ ಪವರ್‌ಲೂಮ್ ಸದ್ದಿಗೆ ಮಾತು ಕೇಳಿಸುವುದಿಲ್ಲ. ಎಳೆ ಹರಿಯಿತು, ಚಹಾ ಬಂತು ಎಂಬುದನ್ನೆಲ್ಲ ನಾವು ನೇಕಾರರು ಕೈಸನ್ನೆಯಲ್ಲೇ ಹೇಳಿಕೊಳ್ಳುತ್ತೇವೆ. ಒಂಬತ್ತನೇ ತರಗತಿಯ ತಂಗಿ ಅದನ್ನೇ ಒಂದು ಆಟ ಮಾಡಿದ್ದಳು. ನಾನು ಸನ್ನೆ ಮಾಡಬೇಕು, ಮಕ್ಕಳು ಅರ್ಥ ಊಹಿಸಿ ಇಂಗ್ಲಿಷಿನಲ್ಲಿ ಹೇಳಬೇಕು. ಮನೆಯವರನ್ನು ಕರೆತಂದು ಇಂಥ ಆಟ ಆಡಿಸಲು ಮೇಡಂ ಎಲ್ಲರಿಗೂ ಸರದಿ ಕೊಟ್ಟಿದ್ದರು.

"ನೀ ಇಂಗ್ಲಿಷ್ ಮಾತಾಡೂದ ಬ್ಯಾಡೋ ಅಣ್ಣಾ. ಕೈ ಆಡಿಸಿದ್ರ ಸಾಕು," ಎಂದಿದ್ದಳು.

ಇಸ್ತ್ರಿ ಅಂಗಿ ತೊಟ್ಟು ಶಾಲೆಯ ಗೇಟಿನ ತನಕ ಹೋದೆ. ಒಳಗೆ ಮಕ್ಕಳು ಒಟ್ಟಾಗಿ ಇಂಗ್ಲಿಷ್ ಹೇಳುತ್ತಿದ್ದರು. ಐದನೇ ತರಗತಿಗೇ ಶಾಲೆ ಬಿಟ್ಟವನು ನಾನು. ಮೇಡಂ ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ? ನನ್ನನ್ನು ನೋಡಿ ನಕ್ಕವರು ನಾಳೆ ತಂಗಿಯನ್ನು ನೋಡಿಯೂ ನಗುವುದಿಲ್ಲವೇ? ಹೊರಳಿ ಶೆಡ್ಡಿಗೆ ಬಂದು ಮಗ್ಗ ಚಾಲೂ ಮಾಡಿದೆ.

ಸಂಜೆ ಅವಳೇ ನನಗೊಂದು ನೆವ ಕೊಟ್ಟಳು. "ಮಾಲಕರು ಬಿಡಲಿಲ್ಲೇನು?"

ಹೌದೆಂದು ತಲೆಯಾಡಿಸಿದೆ.

"ಎಂಥಾ ಕಲ್ಲ ಮನಸಿನ ಮನಷ್ಯಾನೋ ಅಂವಾ! ಬಾಗಲಾ ನೋಡಕೋತ ನಿಂತಿದ್ನಿ. ಕಡೀಕ ಮೇಡಂ ಕುಂಡ್ರು ಅಂದ್ರು."

ಅರ್ಧ ಊಟಕ್ಕೇ ತಾಟು ಸರಿಸಿ ಎದ್ದೆ.

ಮರುದಿನ ಮುಂಜಾನೆ ಜಡೆ ಹೆಣೆದುಕೊಳ್ಳುತ್ತ ಅವಳೆಂದಳು: "ಮೇಡಂ ಇನ್ನೊಂದ ದಿನಾ ಕೊಡತಾರಂತ. ಅವರಿಂದನ ಮಾಲಕರಿಗೆ ಫೋನ್ ಮಾಡಸ್ತೀನಿ."

ಅವಳು ಚೀಲ ಹೆಗಲಿಗೇರಿಸಿದಳು. ಹೊಸ್ತಿಲಲ್ಲಿ ಅಡ್ಡ ನಿಂತೆ.

"ಮಾಲಕರದೇನೂ ತಪ್ಪಿಲ್ಲ ತಂಗಿ. ನಾನ ಗೇಟಿನ ತನಾ ಬಂದು, ಅಂಜಿ ಹೊಳ್ಳಿ ಹೋದ್ನಿ. ನಿನಗ ಸುಳ್ಳ ಹೇಳಿದ್ನಿ. ತಪ್ಪಾತವಾ."